ಪಟ್ಟಿಯಲ್ಲಿಲ್ಲದ ಹದಿಮೂರನೆಯ ನೌಕೆ

ಕುಮಟೆಯ ಕಥೆಗಾರ್ತಿ:

ನಾನು ಬರೆಯುತ್ತಿರುವ ನೀಳ್ಗತೆಯೊಂದು ಅರ್ಧಕ್ಕೆ ನಿಂತು ಎರಡು ತಿಂಗಳಾಯಿತು. ಅದು ನಿಂತ ಜಾಗವನ್ನೇ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಶನಿಗ್ರಹದ ಉಂಗುರಗಳಿಂದ ಮಂಜುಗಡ್ಡೆ ತರಲು ಹನ್ನೆರಡು ನೌಕೆಗಳ ಪಡೆಯೊಂದು ಭೂಮಿಯಿಂದ ಹೊರಡುತ್ತದೆ. ಹೊರಡುವ ದಿನ ಹನ್ನೆರಡರ ಹೆಸರನ್ನೂ ಜನರ ಮುಂದೆ ಓದಿ ಹೇಳುತ್ತಾರೆ. ಆದರೆ ಅವುಗಳ ಹಿಂದೆ, ಯಾವ ಪಟ್ಟಿಯಲ್ಲೂ ಇಲ್ಲದ ಹದಿಮೂರನೆಯ ನೌಕೆಯೊಂದು ಕತ್ತಲಲ್ಲಿ ಸಾಗುತ್ತಿರುತ್ತದೆ. ಹನ್ನೆರಡರಲ್ಲಿ ಯಾವುದಾದರೂ ಆಜ್ಞೆ ಮೀರಿ ಬೇರೆ ದಾರಿ ಹಿಡಿದರೆ ಅದನ್ನು ನಾಶಮಾಡುವುದು ಅದಕ್ಕೆ ವಹಿಸಿದ ಕೆಲಸ. ಕರಡನ್ನು ಓದಿದ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: ಅಂತರಿಕ್ಷ ಪಡೆಗಳ ಕಥೆಗಳಲ್ಲಿ ಇಂಥದೊಂದು ಗುಪ್ತ ಅಂಗ ಮತ್ತೆ ಮತ್ತೆ ಬರುತ್ತದೆ, ನಿನ್ನ ಕಥೆಯಲ್ಲಿ ಅದು ಏಕೆ ಬೇಕು? ಬೇರೆಯವರ ಕಥೆಗಳಲ್ಲಿದೆ ಎಂಬ ಕಾರಣಕ್ಕೆ ನಾನೂ ಇಟ್ಟುಕೊಂಡೆನೇ ಎಂಬ ಅನುಮಾನ ಆಗಿನಿಂದ ಬಿಟ್ಟಿಲ್ಲ. ಅಂತರಿಕ್ಷ ಪಡೆಗೆ ನೆರಳೊಂದು ಬೇಕೇ, ಬೇಕಾದರೆ ಆ ನೆರಳು ಕಥೆಯಲ್ಲಿ ಮಾಡಬೇಕಾದ ಕೆಲಸವೇನು ಎಂಬುದನ್ನು ಇಂಥ ಕಥೆಗಳನ್ನು ಓದಿದವರೂ ಕಡಲನ್ನು ಬಲ್ಲವರೂ ದಯವಿಟ್ಟು ಹೇಳಿ.

ಶಿರಸಿಯ ಮಾಸ್ತರ:

ನಿಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಈ ಬಗೆಯ ಪಡೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಸಿದ್ಧವಾದ, ‘ಸ್ಟಾರ್ ಟ್ರೆಕ್’ ಕಥೆಗಳ ಅಂತರಿಕ್ಷ ಪಡೆಯಾದ ಸ್ಟಾರ್‌ಫ್ಲೀಟಿನಿಂದಲೇ ಆರಂಭಿಸಬೇಕು. ‘ಸ್ಟಾರ್ ಟ್ರೆಕ್’ ಧಾರಾವಾಹಿ ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲು ಪ್ರಸಾರವಾದದ್ದು 1966ರ ಸೆಪ್ಟೆಂಬರ್ 8ರಂದು. ಶೀತಲ ಸಮರ ಬಲವಾಗಿದ್ದ, ವಿಯೆಟ್ನಾಂ ಯುದ್ಧ ಬೆಳೆಯುತ್ತಿದ್ದ ಆ ಕಾಲದಲ್ಲಿ ಒಂದೇ ನೌಕೆಯ ಚುಕ್ಕಾಣಿಯ ಸುತ್ತ ಕಪ್ಪು ಹೆಣ್ಣುಮಗಳೊಬ್ಬಳು, ಏಷ್ಯಾ ಮೂಲದವನೊಬ್ಬ, ಮರುವರ್ಷದಿಂದ ರಷ್ಯನ್ ತರುಣನೊಬ್ಬ ಒಟ್ಟಿಗೆ ಕೂತಿದ್ದರು. ಆ ಪಡೆಯ ಬಳಿ ಆಯುಧಗಳಿದ್ದವು, ಅದು ಯುದ್ಧವನ್ನೂ ಮಾಡಿತು. ಆದರೂ ಅದರ ಮುಖ್ಯ ಕೆಲಸ ಹೊಸ ಲೋಕಗಳನ್ನು ಕಾಣುವುದೇ ಆಗಿತ್ತು. ಅದರ ಮೂಲ ಕರ್ತೃ ಜೀನ್ ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು. ಅದೇ ಲೋಕದಲ್ಲಿ ನಡೆಯುವ ‘ಡೀಪ್ ಸ್ಪೇಸ್ ನೈನ್’ ಎಂಬ ಧಾರಾವಾಹಿ, 1998ರ ಏಪ್ರಿಲ್ 8ರ ಕಂತಿನಲ್ಲಿ, ಸ್ಟಾರ್‌ಫ್ಲೀಟಿನೊಳಗೆ ‘ಸೆಕ್ಷನ್ 31’ ಎಂಬ ಗುಪ್ತ ಸಂಸ್ಥೆಯನ್ನು ತಂದಿತು. ಪಡೆಯ ಸ್ಥಾಪನೆಯ ಸನ್ನದಿನಲ್ಲೇ ಅದಕ್ಕೆ ಆಧಾರವಿದೆಯಂತೆ. ಕೇಳಿದರೆ ಮೇಲಿನವರು ಇದೆ ಎನ್ನುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಅದು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮುಂದಿನ ಕಂತುಗಳಲ್ಲಿ ಅದು ಶತ್ರುವಿನ ಇಡೀ ಜನಾಂಗವನ್ನು ಕೊಲ್ಲುವ ರೋಗವನ್ನು ಸೃಷ್ಟಿಸಿ ಹರಡಿದ್ದು ಹೊರಬರುತ್ತದೆ.

ಇದರಿಂದ ಕಥೆಗೆ ಗಾಂಭೀರ್ಯ ಬಂದಿತೆಂದು ಹಲವರು ನಂಬಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮೊದಲಿನ ಲೋಕ ಓದುಗನಿಗೂ ನೋಡುಗನಿಗೂ ಒಂದು ಮಾತು ಕೊಟ್ಟಿತ್ತು: ಮನುಷ್ಯರು ಕೊಂಚ ಹೆಚ್ಚು ಪ್ರಯತ್ನಪಟ್ಟರೆ ಭಯವಿಲ್ಲದೆ, ಮೋಸವಿಲ್ಲದೆ ದೂರ ಹೋಗಬಲ್ಲರು ಎಂಬುದು ಆ ಮಾತು. ಆ ಒಳ್ಳೆಯತನವೆಲ್ಲ ತೆರೆಯ ಹಿಂದೆ ಯಾರೋ ಕೊಲೆ ಮಾಡುತ್ತಿದ್ದುದರಿಂದಲೇ ಉಳಿದಿತ್ತು ಎಂದು ಮೂವತ್ತು ವರ್ಷಗಳ ಮೇಲೆ ಹೇಳಿದರೆ ಮೊದಲಿನ ಮಾತು ಸುಳ್ಳಾಗುತ್ತದೆ. ನಿಮ್ಮ ಹದಿಮೂರನೆಯ ನೌಕೆಯೂ ಉಳಿದ ಹನ್ನೆರಡನ್ನು ಹೀಗೆಯೇ ಸುಳ್ಳು ಮಾಡುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ.

ಕದ್ರಾದ ನಿವೃತ್ತ ಇಂಜಿನಿಯರ್:

ನಾನು ಸಾಹಿತ್ಯದವನಲ್ಲ, ಮೂವತ್ತು ವರ್ಷ ಉಷ್ಣದ ಲೆಕ್ಕ ಮಾಡಿದವನು. ಆದ್ದರಿಂದ ನೀತಿಯ ಪ್ರಶ್ನೆಗೆ ಹೋಗುವ ಮುನ್ನ ಒಂದು ಮಾತು ಹೇಳಬೇಕು: ಕತ್ತಲಲ್ಲಿ ಅಡಗಿ ಸಾಗುವ ನೌಕೆ ಎಂಬುದು ಅಂತರಿಕ್ಷದಲ್ಲಿ ಬಹಳ ಕಷ್ಟದ ಸಂಗತಿ. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಂಥ ಅಣುಸ್ಥಾವರದಲ್ಲಿ ಹುಟ್ಟುವ ಶಾಖದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನದು ವಿದ್ಯುತ್ತಾಗದೆ ಶಾಖವಾಗಿಯೇ ಉಳಿಯುತ್ತದೆ. ಅದನ್ನು ಒಯ್ಯುವುದಕ್ಕೆ ಕಾಳಿ ನದಿಯ ಕದ್ರಾ ಜಲಾಶಯದ ನೀರಿದೆ. ನಿಮ್ಮ ನೌಕೆಗೆ ಅಲ್ಲಿ ನದಿಯಿಲ್ಲ, ಗಾಳಿಯೂ ಇಲ್ಲ. ಎಲ್ಲ ಶಾಖವನ್ನೂ ಅಗಲವಾದ ಫಲಕಗಳಿಂದ ಅವಕೆಂಪು ಕಿರಣವಾಗಿ ಹೊರಕ್ಕೆ ಚೆಲ್ಲಬೇಕು. ಭೂಮಿಯ ಸುತ್ತ ಸುತ್ತುತ್ತಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವೂ ಅಮೋನಿಯಾ ಹರಿಯುವ ಫಲಕಗಳಿಂದ ಅದನ್ನೇ ಮಾಡುತ್ತದೆ. ಎಂಜಿನ್ನನ್ನು ನಿಲ್ಲಿಸಿದರೂ, ಮನುಷ್ಯರು ಬದುಕುವಷ್ಟು ಬೆಚ್ಚಗಿರುವ ಗೋಡೆ ಪ್ರತಿ ಚದರ ಮೀಟರಿಗೆ ಸುಮಾರು 400 ವ್ಯಾಟಿನಷ್ಟು ಶಾಖವನ್ನು ಸೂಸುತ್ತಲೇ ಇರುತ್ತದೆ. ಅದರ ಹಿನ್ನೆಲೆಯಲ್ಲಿರುವ ಆಕಾಶದ ತಾಪಮಾನ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಮಾವಾಸ್ಯೆಯ ರಾತ್ರಿ ಕಡಲಿನ ನಡುವೆ ಗ್ಯಾಸ್ ಲೈಟು ಹೊತ್ತಿಸಿಕೊಂಡು ನಿಂತ ದೋಣಿಯಂತೆ ಅದು ಕಾಣಿಸುತ್ತದೆ.

ನಿಜದ ಉದಾಹರಣೆ ಬೇಕಾದರೆ ಅಮೆರಿಕದ ಎಕ್ಸ್-37ಬಿ ಎಂಬ ಗುಪ್ತ ಅಂತರಿಕ್ಷ ವಿಮಾನವನ್ನು ನೋಡಿ. ಅದು ಮೊದಲು ಹಾರಿದ್ದು 2010ರ ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲೇ ಹವ್ಯಾಸಿ ವೀಕ್ಷಕರು ಅದರ ಕಕ್ಷೆಯನ್ನು ಪತ್ತೆಹಚ್ಚಿದ್ದರು.

ಬೈತಖೋಲದ ನಾವಿಕ:

ಇಂಜಿನಿಯರ್ ಸಾಹೇಬರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಕಾಣುವುದಕ್ಕೂ ಗುರುತಿಸುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಅವರ ಮಾತು ಬಿಟ್ಟಿದೆ. ನಾನು ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ದುಡಿದವನು; ನಮ್ಮ ಮನೆಯವರು ಇಂದಿಗೂ ಬೈತಖೋಲ ಬಂದರಿನಿಂದ ಬೋಟು ಬಿಡುತ್ತಾರೆ. ಸಂಜೆ ಕಾರವಾರದ ಕಡಲತಡಿಯಲ್ಲಿ ನಿಂತರೆ ಬೂದುಬಣ್ಣದ ಹಡಗೊಂದು ಹೊರಗೆ ಹೋಗುವುದು ಎಲ್ಲರಿಗೂ ಕಾಣುತ್ತದೆ. ಅದು ಎಲ್ಲಿಗೆ ಹೋಯಿತು ಎಂಬುದು ದಡದಲ್ಲಿರುವ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದದ್ದೂ ಅಲ್ಲ. ಗುಟ್ಟು ಇರುವುದು ಹಡಗಿನಲ್ಲಲ್ಲ, ಅದು ಹೊತ್ತ ಆಜ್ಞೆಯಲ್ಲಿ.

ಈಗ ಜಗತ್ತಿನ ಸುದ್ದಿಯಲ್ಲಿ ‘ನೆರಳು ಪಡೆ’ ಎಂಬ ಹೆಸರು ಬರುತ್ತಿರುವುದು ತೈಲ ಸಾಗಿಸುವ ಹಳೆಯ ಟ್ಯಾಂಕರುಗಳಿಗೆ. ಅಂತರರಾಷ್ಟ್ರೀಯ ಯಾನದಲ್ಲಿರುವ 300 ಟನ್ನಿಗೆ ಮೇಲ್ಪಟ್ಟ ಪ್ರತಿಯೊಂದು ಹಡಗೂ ತನ್ನ ಹೆಸರು, ಜಾಗ, ವೇಗಗಳನ್ನು ಸಾರುತ್ತಿರುವ ಎಐಎಸ್ ಎಂಬ ಯಂತ್ರವನ್ನು ಇಟ್ಟುಕೊಂಡಿರಬೇಕು. ನಿರ್ಬಂಧಗಳನ್ನು ತಪ್ಪಿಸಿ ತೈಲ ಸಾಗಿಸುವವರು ಆ ಯಂತ್ರವನ್ನು ಆರಿಸುತ್ತಾರೆ, ಇಲ್ಲವೇ ಅದರಿಂದ ಸುಳ್ಳು ಜಾಗವನ್ನು ಸಾರಿಸುತ್ತಾರೆ; ಹಡಗಿನ ಹೆಸರು ಬದಲಿಸುತ್ತಾರೆ, ಬಾವುಟ ಬದಲಿಸುತ್ತಾರೆ, ನಡುಗಡಲಿನಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ತೈಲ ದಾಟಿಸುತ್ತಾರೆ. ಇಷ್ಟೆಲ್ಲ ನಡೆಯುವಾಗಲೂ ಮುನ್ನೂರು ಮೀಟರು ಉದ್ದದ ಆ ಟ್ಯಾಂಕರು ಉಪಗ್ರಹಕ್ಕೂ ಪಕ್ಕದಲ್ಲಿ ಹಾದುಹೋಗುವ ನಮ್ಮಂಥವರಿಗೂ ಕಾಣುತ್ತಲೇ ಇರುತ್ತದೆ. ಅದರ ನೆರಳೆಲ್ಲ ಕಾಗದದಲ್ಲಿದೆ. ಕಥೆಗಾರ್ತಿಯವರೇ, ನಿಮ್ಮ ಹದಿಮೂರನೆಯ ನೌಕೆಯನ್ನು ಕತ್ತಲಲ್ಲಿ ಅಡಗಿಸಬೇಡಿ. ಅದನ್ನು ಇಂಧನದ ನೌಕೆ ಎಂದು ಪಟ್ಟಿಯಲ್ಲೇ ಬರೆಯಿಸಿ. ಹನ್ನೆರಡು ನೌಕೆಗಳ ಜನ ಅದರ ದೀಪವನ್ನು ದಿನವೂ ನೋಡಲಿ.

ಕದ್ರಾದ ನಿವೃತ್ತ ಇಂಜಿನಿಯರ್:

ಇದನ್ನು ಒಪ್ಪುತ್ತೇನೆ. ಇಂಧನದ ನೌಕೆಯಾದರೆ ಅದರ ಶಾಖಕ್ಕೂ ತೂಕಕ್ಕೂ ಯಾರೂ ಕಾರಣ ಕೇಳುವುದಿಲ್ಲ.

ಹೊನ್ನಾವರದ ಇತಿಹಾಸ ವಿದ್ಯಾರ್ಥಿ:

ಅಂತರಿಕ್ಷದ ನಿಜವಾದ ಚರಿತ್ರೆಯೂ ನಾವಿಕ ಅಣ್ಣ ಹೇಳಿದ್ದನ್ನೇ ತೋರಿಸುತ್ತದೆ. ಸೋವಿಯತ್ ಒಕ್ಕೂಟ 1974ರ ಜೂನ್‌ನಲ್ಲಿ ಸಲ್ಯೂತ್-3 ಎಂಬ ನಿಲ್ದಾಣವನ್ನು ಹಾರಿಸಿತು. ಆ ಹೆಸರು ನಾಗರಿಕ ಸಂಶೋಧನೆಯ ನಿಲ್ದಾಣಗಳ ಸಾಲಿನದು. ಒಳಗಿದ್ದದ್ದು ಅಲ್ಮಾಜ್ ಎಂಬ ಸೈನಿಕ ಬೇಹುಗಾರಿಕೆಯ ನಿಲ್ದಾಣ, ಅದರ ಮೈಗೆ ಒಂದು ಫಿರಂಗಿ. 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ನೆಲದಿಂದ ಆಜ್ಞೆ ಕಳಿಸಿ ಆ ಫಿರಂಗಿಯನ್ನು ಹಾರಿಸಿ ನೋಡಿದರು. ಇನ್ನೊಂದು ಕಡೆ, ಅಮೆರಿಕದ ಬೇಹು ಉಪಗ್ರಹಗಳನ್ನು ನಡೆಸುವ ಕಚೇರಿ 1961ರಲ್ಲಿ ಸ್ಥಾಪನೆಯಾಯಿತು. ಅಂಥದೊಂದು ಕಚೇರಿ ಇದೆ ಎಂದು ಸರ್ಕಾರ ಒಪ್ಪಿದ್ದು 1992ರಲ್ಲಿ. ಅಂತರಿಕ್ಷಕ್ಕೆ ಹಾರಿಸಿದ ವಸ್ತುವಿನ ಸಾಮಾನ್ಯ ಉದ್ದೇಶವನ್ನು ವಿಶ್ವಸಂಸ್ಥೆಗೆ ತಿಳಿಸಬೇಕೆಂಬ ಒಪ್ಪಂದ 1975ರಿಂದ ಇದೆ, ಆದರೆ ‘ಸಾಮಾನ್ಯ ಉದ್ದೇಶ’ ಎಂಬ ಎರಡು ಪದಗಳಲ್ಲಿ ಎಷ್ಟನ್ನು ಬೇಕಾದರೂ ಮುಚ್ಚಿಡಬಹುದು.

ಆದರೆ ನಾನು ಹೇಳಬೇಕೆಂದಿದ್ದದ್ದು ನಮ್ಮ ಊರಿನ ಕಥೆ. ಪೋರ್ಚುಗೀಸರು ತಿಮೋಜ ಎಂದು ಬರೆದಿಟ್ಟ ಹೊನ್ನಾವರದ ನೌಕಾನಾಯಕನನ್ನು ಅವರ ಬರಹಗಳು ಒಂದು ಕಡೆ ಕಡಲುಗಳ್ಳ ಎನ್ನುತ್ತವೆ, ಇನ್ನೊಂದು ಕಡೆ ಮಿತ್ರ ಎನ್ನುತ್ತವೆ. ವಾಸ್ಕೋ ಡ ಗಾಮಾ 1498ರಲ್ಲಿ ಕಾರವಾರದ ಎದುರಿನ ಅಂಜುದೀವದಲ್ಲಿ ತಂಗಿದ್ದಾಗ, ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಸೊಪ್ಪುಸದೆ ಹೊದಿಸಿ, ತೇಲುವ ನಡುಗಡ್ಡೆಯಂತೆ ಮಾಡಿಕೊಂಡು ತಿಮೋಜ ಹತ್ತಿರ ಬಂದನೆಂಬ ಕಥೆಯನ್ನು ಆ ಬರಹಗಳಲ್ಲೇ ಓದಬಹುದು. ಹನ್ನೆರಡು ವರ್ಷಗಳ ಮೇಲೆ, 1510ರಲ್ಲಿ, ಬೇರೆಡೆಗೆ ಹೊರಟಿದ್ದ ಅಲ್ಬುಕರ್ಕನ ಪಡೆಯನ್ನು ಗೋವೆಯ ಕಡೆಗೆ ತಿರುಗಿಸಿದ ಸಲಹೆ ಇದೇ ತಿಮೋಜನದು. ಲಿಸ್ಬನ್ನಿನಿಂದ ಒಂದು ಪತ್ರ ಇಲ್ಲಿಗೆ ಬರಲು ಆರು ತಿಂಗಳಾದರೂ ಬೇಕಾಗಿದ್ದ ಕಾಲ ಅದು. ರಾಜನನ್ನು ಕೇಳಿ ಉತ್ತರ ಬರುವವರೆಗೆ ಯಾರೂ ಕಾಯಲಿಲ್ಲ. ಗೋವೆ ಬಿದ್ದ ಮೇಲೆ ಅದು ರಾಜನ ಇಚ್ಛೆಯೇ ಆಯಿತು. ಪಡೆಯ ನೆರಳು ಹುಟ್ಟುವುದು ಈ ದೂರದಲ್ಲಿ ಎಂದು ನನಗೆ ಅನಿಸುತ್ತದೆ. ಶನಿಗ್ರಹದಿಂದ ಹೊರಟ ರೇಡಿಯೋ ಸಂದೇಶ ಭೂಮಿಗೆ ತಲುಪಲು ಒಂದು ಗಂಟೆಗೂ ಹೆಚ್ಚು ಬೇಕು, ಉತ್ತರಕ್ಕೆ ಮತ್ತೆ ಅಷ್ಟೇ ಹೊತ್ತು. ಹದಿಮೂರನೆಯ ನೌಕೆಯ ಕಪ್ತಾನ ಯಾರನ್ನು ಕೇಳಬೇಕು?

ಕರ್ಕಿಯ ಅರ್ಥಧಾರಿ:

ಚರ್ಚೆ ಕಾಗದಪತ್ರಗಳ ಕಡೆಗೆ ಸಾಗಿದ್ದು ಒಳ್ಳೆಯದೇ, ಆದರೆ ಕಥೆಯಲ್ಲಿ ಕಾಣದ್ದಕ್ಕೆ ಇರುವ ಬಲವನ್ನು ಇಷ್ಟು ಬೇಗ ಕೈಬಿಡಬಾರದು. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಹಿಂದೆ ರಕ್ಕಸ ಆರ್ಭಟಿಸುತ್ತಾನೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು ಮಾತ್ರ ಕಾಣುತ್ತವೆ, ರಾಳದ ಬೆಂಕಿ ಭಗ್ಗನೆ ಏಳುತ್ತದೆ. ತೆರೆ ಸರಿದ ಮೇಲೆ ಕಾಣುವ ರಕ್ಕಸ, ಎಷ್ಟೇ ದೊಡ್ಡ ಕಲಾವಿದನಾಗಿರಲಿ, ಆ ಅರ್ಧ ಗಳಿಗೆಯ ರಕ್ಕಸನಷ್ಟು ದೊಡ್ಡವನಾಗಿರುವುದಿಲ್ಲ. ಕಥೆಗಾರ್ತಿ ತನ್ನ ನೌಕೆಯನ್ನು ತೆರೆಯ ಹಿಂದೆ ಇಡಲಿ. ಅದು ಬಹಳ ಹೊತ್ತು ಹೊರಗೆ ಬಾರದಿರಲಿ.

ಅಂಕೋಲೆಯ ಅಕ್ಕೋರು:

ಅರ್ಥಧಾರಿಗಳು ಹೇಳಿದಂತೆ ತೆರೆಯ ಹಿಂದೆಯೇ ಉಳಿದ ಪಡೆಯೊಂದು ಈಗಾಗಲೇ ಇದೆ. ಚೀನಾದ ಲಿಯು ತ್ಸಿಶಿನ್ ಅವರು 2008ರಲ್ಲಿ ಪ್ರಕಟಿಸಿದ ‘ದ ಡಾರ್ಕ್ ಫಾರೆಸ್ಟ್’ ಕಾದಂಬರಿಯಲ್ಲಿ ಪರಲೋಕದ ಪಡೆಯೊಂದು ಭೂಮಿಯ ಕಡೆಗೆ ಹೊರಟಿರುತ್ತದೆ. ಅದು ತಲುಪಲು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಬೇಕು. ಓದುಗರು ಆ ಕಾದಂಬರಿಯಲ್ಲಿ ಆ ಪಡೆಯ ಒಬ್ಬ ಸೈನಿಕನನ್ನೂ ಎದುರಿಗೆ ಕಾಣುವುದಿಲ್ಲ. ಅದು ಬರುತ್ತಿದೆ ಎಂಬ ತಿಳಿವೇ ಭೂಮಿಯ ಸರ್ಕಾರಗಳನ್ನೂ ಹಣಕಾಸನ್ನೂ ಮನುಷ್ಯರ ಮನಸ್ಸನ್ನೂ ತಿರುಚುತ್ತದೆ. ಕೊನೆಗೆ ಮನುಷ್ಯರು ಕಟ್ಟಿದ ಸುಮಾರು 2000 ನೌಕೆಗಳ ಪಡೆಯನ್ನು ಶತ್ರುವಿನ ಒಂದೇ ಒಂದು ಶೋಧಕ ಹೆಚ್ಚುಕಡಿಮೆ ಪೂರ್ತಿಯಾಗಿ ನಾಶಮಾಡುತ್ತದೆ, ಉಳಿದು ಓಡಿಹೋದ ಕೆಲವು ನೌಕೆಗಳು ಇಂಧನಕ್ಕಾಗಿ, ಆಹಾರಕ್ಕಾಗಿ ಒಂದನ್ನೊಂದು ಕೊಲ್ಲುತ್ತವೆ. ಅಷ್ಟು ದೂರದ ಶತ್ರುವಿಗಿಂತ ಪಕ್ಕದ ನೌಕೆಯೇ ಭಯಂಕರವಾಗುವ ಆ ಪುಟಗಳನ್ನು ಓದಿ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಆದರೂ ನಾನು ಮಾಸ್ತರರ ಪಕ್ಷವನ್ನೂ ಅರ್ಥಧಾರಿಗಳ ಪಕ್ಷವನ್ನೂ ಪೂರ್ತಿಯಾಗಿ ಹಿಡಿಯಲಾರೆ. ಶತ್ರುವಿಗೆ ಕಾಣದಂತೆ ಇರುವ ಪಡೆ ಒಂದು ಬಗೆ, ತನ್ನವರಿಗೇ ಕಾಣದಂತೆ ಇರುವ ಪಡೆ ಇನ್ನೊಂದು ಬಗೆ. ಎರಡನೆಯದಕ್ಕೆ ನನಗೆ ತಿಳಿದ ಅತ್ಯಂತ ಕ್ರೂರ ಉದಾಹರಣೆ 1985ರ ‘ಎಂಡರ್ಸ್ ಗೇಮ್’ ಕಾದಂಬರಿ. ಅಲ್ಲಿ ಪಡೆಯ ಹಿರಿಯರು ಒಬ್ಬ ಹುಡುಗನನ್ನು ಯುದ್ಧದ ಆಟ ಆಡಿಸಿ ಆಡಿಸಿ ತಯಾರು ಮಾಡುತ್ತಾರೆ. ಕೊನೆಯ ಪರೀಕ್ಷೆ ಎಂದು ಅವನು ಆಡಿ ಗೆದ್ದ ಮೇಲೆ, ಅದು ಆಟವಾಗಿರಲಿಲ್ಲ, ದೂರದ ನಿಜವಾದ ನೌಕೆಗಳಿಗೆ ಅವನ ಆಜ್ಞೆಗಳು ಹೋಗುತ್ತಿದ್ದವು, ಶತ್ರುವಿನ ಇಡೀ ಗ್ರಹ ಅವನ ಕೈಯಿಂದಲೇ ನಾಶವಾಯಿತು ಎಂದು ತಿಳಿಸುತ್ತಾರೆ. ಅವನಿಗೆ ಮೊದಲೇ ಹೇಳಿದ್ದರೆ ಅವನು ಮಾಡುತ್ತಿರಲಿಲ್ಲ ಎಂದೇ ಅವರು ಹೇಳಲಿಲ್ಲ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗೆ ತನಗೆ ಹೊರಬರುವ ದಾರಿ ತಿಳಿಯದು ಎಂಬುದಾದರೂ ಗೊತ್ತಿತ್ತು. ಈ ಹುಡುಗನಿಗೆ ತಾನು ವ್ಯೂಹದೊಳಗೆ ಇದ್ದೇನೆ ಎಂಬುದೇ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಮಕ್ಕಳ ಎದುರಿಗೆ ನಿಂತವಳಾಗಿ ಹೇಳುತ್ತೇನೆ, ದೊಡ್ಡವರು ಮಾಡಲಾರದ ಪಾಪವನ್ನು ಮಗುವಿನ ತಿಳಿಯದ ಕೈಯಿಂದ ಮಾಡಿಸುವುದಕ್ಕಿಂತ ಕಪ್ಪಾದ ನೆರಳನ್ನು ಯಾವ ಗುಪ್ತ ಸಂಸ್ಥೆಯ ಕಥೆಯಲ್ಲೂ ನಾನು ಕಂಡಿಲ್ಲ. ಆದ್ದರಿಂದ ಕಥೆಗಾರ್ತಿಗೆ ನನ್ನ ಪ್ರಶ್ನೆ: ಹದಿಮೂರನೆಯ ನೌಕೆಯಲ್ಲಿ ಇರುವವರಿಗೆ ತಮ್ಮ ಕೆಲಸ ಏನೆಂದು ಗೊತ್ತಿದೆಯೇ?

ಕುಮಟೆಯ ಕಥೆಗಾರ್ತಿ:

ಅಕ್ಕೋರೇ, ಆ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲೇ ಇಲ್ಲ. ನನ್ನ ಕರಡಿನಲ್ಲಿ ಆ ನೌಕೆಗೆ ಒಳಗೇ ಇಲ್ಲ. ಹೊರಗಿನಿಂದ ಕಾಣುವ ಬೆದರಿಕೆಯಾಗಿ ಮಾತ್ರ ಇದೆ, ಒಳಗೆ ಉಣ್ಣುವ, ಮಲಗುವ, ಮನೆಗೆ ಸಂದೇಶ ಕಳಿಸುವ ಮನುಷ್ಯರಿಲ್ಲ.

ಕರ್ಕಿಯ ಅರ್ಥಧಾರಿ:

ಹಾಗಾದರೆ ಮಾಸ್ತರರ ಆಕ್ಷೇಪಕ್ಕೆ ನಾನು ಉತ್ತರ ಕೊಡಲೇಬೇಕು. ಒಳ್ಳೆಯ ಪಡೆಯೊಂದು ಮೋಸ ಮಾಡಿತು ಎಂದ ಮಾತ್ರಕ್ಕೆ ಮೊದಲಿನ ಒಳ್ಳೆಯತನ ಸುಳ್ಳಾಗುವುದಾದರೆ ಮಹಾಭಾರತವನ್ನೇ ನಾವು ಮುಚ್ಚಿಡಬೇಕಾಗುತ್ತದೆ. ದ್ರೋಣನನ್ನು ಗೆಲ್ಲಲಾಗದೆ, ಅಶ್ವತ್ಥಾಮ ಎಂಬ ಆನೆಯನ್ನು ಕೊಂದು, ಸತ್ತವನು ಅಶ್ವತ್ಥಾಮ ಎಂಬ ಮಾತನ್ನು ಧರ್ಮರಾಯನ ಬಾಯಿಂದ ಆಡಿಸಿದರು. ಎಷ್ಟು ತಾಳಮದ್ದಲೆಗಳಲ್ಲಿ ನಾನು ಕೃಷ್ಣನಾಗಿ ಕೂತು ಆ ಮಾತನ್ನು ಆಡಿಸಿದ್ದೇನೆ, ಎಷ್ಟು ಸಲ ಧರ್ಮರಾಯನಾಗಿ ಅದನ್ನು ಆಡಲಾರದೆ ಆಡಿದ್ದೇನೆ ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ಆ ಪ್ರಸಂಗವಿರುವುದರಿಂದ ಧರ್ಮರಾಯ ಸಣ್ಣವನಾಗಲಿಲ್ಲ, ಅವನು ಮನುಷ್ಯನಾದ. ಸ್ಟಾರ್‌ಫ್ಲೀಟಿಗೂ ಅಂಥದೊಂದು ಗಳಿಗೆ ಬರಬಾರದೇಕೆ?

ಶಿರಸಿಯ ಮಾಸ್ತರ:

ನೀವು ಕೊಟ್ಟ ಉದಾಹರಣೆಯೇ ನನ್ನ ಮಾತನ್ನು ಸ್ಪಷ್ಟ ಮಾಡುತ್ತದೆ, ಅದಕ್ಕಾಗಿ ಕೃತಜ್ಞ. ಮಹಾಭಾರತ ಆ ಸುಳ್ಳನ್ನು ಆಡಿಸಿದ್ದು ಯಾರಿಂದ? ಎಲ್ಲಿಂದಲೋ ಬಂದ ಹೆಸರಿಲ್ಲದ ಗೂಢಚಾರನಿಂದಲ್ಲ. ಸುಳ್ಳಾಡದವನು ಎಂದು ದ್ರೋಣನೂ ನಂಬಿದ್ದವನಿಂದ. ಆಡಿದ ಮರುಗಳಿಗೆಯಲ್ಲಿ, ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತು. ಸುಳ್ಳಿಗೆ ಒಂದು ಬಾಯಿ ಇದೆ, ಆ ಬಾಯಿಗೆ ಒಂದು ಹೆಸರಿದೆ, ಇಳಿದ ರಥ ಎಲ್ಲರಿಗೂ ಕಾಣುತ್ತದೆ.

ನಾನು ಮೊದಲು ಹೇಳಬೇಕಾಗಿದ್ದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ಸೆಕ್ಷನ್ 31 ಮೊದಲು ಕಾಣಿಸಿಕೊಂಡ ಕಂತಿನ ಸರಿಯಾಗಿ ಮುಂದಿನ ವಾರ, 1998ರ ಏಪ್ರಿಲ್ 15ರಂದು, ಅದೇ ಧಾರಾವಾಹಿಯಲ್ಲಿ ಇನ್ನೊಂದು ಕಂತು ಬಂದಿತು. ಅದರಲ್ಲಿ ಅಂತರಿಕ್ಷ ನಿಲ್ದಾಣದ ಕಪ್ತಾನ ಸಿಸ್ಕೋ, ಸೋಲುತ್ತಿರುವ ಯುದ್ಧಕ್ಕೆ ತಟಸ್ಥರಾಗಿದ್ದ ರಾಮ್ಯುಲನ್ನರೆಂಬ ಅನ್ಯಲೋಕದವರನ್ನು ತಮ್ಮ ಪಕ್ಷದಲ್ಲಿ ಎಳೆದುಕೊಳ್ಳಲು ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸುತ್ತಾನೆ. ಅವನು ನೆರವು ಕೇಳಿದ ಮನುಷ್ಯ ಅವನಿಗೆ ತಿಳಿಸದೆ ಅದನ್ನು ಕೊಲೆಯವರೆಗೆ ಒಯ್ಯುತ್ತಾನೆ. ರಾಮ್ಯುಲನ್ನರು ಯುದ್ಧಕ್ಕೆ ಇಳಿಯುತ್ತಾರೆ, ಯೋಜನೆ ಗೆಲ್ಲುತ್ತದೆ. ಇಡೀ ಕಂತು ಕಪ್ತಾನ ಒಬ್ಬನೇ ತನ್ನ ಕೋಣೆಯಲ್ಲಿ ಕುಳಿತು ದಿನಚರಿಗೆ ಹೇಳಿಕೊಳ್ಳುವ ತಪ್ಪೊಪ್ಪಿಗೆ. ಹೇಳಿ ಮುಗಿಸಿದ ಮೇಲೆ ಆ ದಾಖಲೆಯನ್ನು ಅಳಿಸಿಹಾಕಲು ಅವನೇ ಆಜ್ಞೆ ಕೊಡುತ್ತಾನೆ. ಒಂದೇ ವಾರದ ಅಂತರದಲ್ಲಿ ಒಂದೇ ಪಡೆಯ ಎರಡು ನೆರಳುಗಳು. ಎರಡನೆಯ ಕಂತನ್ನು ನಾನು ಈ ಬಗೆಯ ಕಥೆಗಳಲ್ಲೇ ಅತ್ಯುತ್ತಮವಾದವುಗಳ ಸಾಲಿನಲ್ಲಿ ಇಡುತ್ತೇನೆ. ಮೊದಲನೆಯದನ್ನು ಒಪ್ಪುವುದಿಲ್ಲ, ಏಕೆಂದರೆ ಗುಪ್ತ ಸಂಸ್ಥೆಯೊಂದಿದೆ ಎಂದು ಹೇಳಿದ ಕೂಡಲೇ ಪಡೆಯಲ್ಲಿರುವ ಉಳಿದ ಒಬ್ಬೊಬ್ಬನೂ ಕೈ ತೊಳೆದುಕೊಳ್ಳಬಹುದು. ಮಾಡಿದವರು ಅವರು, ನಮಗೆ ಗೊತ್ತಿರಲಿಲ್ಲ, ಅವರಿಂದಾದ ಲಾಭ ಮಾತ್ರ ನಮಗಿರಲಿ ಎಂಬ ಸೌಕರ್ಯವನ್ನು ಅದು ಪಾತ್ರಗಳಿಗೂ ಕೊಡುತ್ತದೆ, ನೋಡುವ ನಮಗೂ ಕೊಡುತ್ತದೆ.

ಹೊನ್ನಾವರದ ಇತಿಹಾಸ ವಿದ್ಯಾರ್ಥಿ:

ಮಾಸ್ತರರೇ, ಒಂದು ತಕರಾರಿದೆ. ನಿಜದ ಸರ್ಕಾರಗಳು ಇಂಥ ಕೆಲಸಗಳನ್ನು ಮಾಡುವುದು ಒಬ್ಬ ಕಪ್ತಾನನ ಆತ್ಮಸಾಕ್ಷಿಯ ಮೂಲಕವಲ್ಲ, ಕಚೇರಿಗಳ ಮೂಲಕ. ಮೂವತ್ತೊಂದು ವರ್ಷ ಬಚ್ಚಿಟ್ಟ ಕಚೇರಿಯ ಉದಾಹರಣೆಯನ್ನು ಈಗಷ್ಟೇ ಕೊಟ್ಟೆ. ಅಲ್ಲಿ ಕೆಲಸ ಮಾಡಿದ ಹೆಚ್ಚಿನವರು ಧರ್ಮರಾಯನಂತೆ ತೊಳಲಾಡಿರಲಿಕ್ಕಿಲ್ಲ. ಬೆಳಿಗ್ಗೆ ಹೋಗಿ ತಮ್ಮ ಪಾಲಿನ ಒಂದು ತುಣುಕು ಕೆಲಸ ಮುಗಿಸಿ ಸಂಜೆ ಮನೆಗೆ ಬಂದಿರುತ್ತಾರೆ. ವಿಜ್ಞಾನ ಕಥೆ ಆ ಕಚೇರಿಯನ್ನು ತೋರಿಸದೆ ಒಬ್ಬ ನಾಯಕನ ಸಂಕಟವನ್ನೇ ತೋರಿಸಿದರೆ ಅದೂ ಒಂದು ಬಗೆಯ ಅಸತ್ಯವಲ್ಲವೇ?

ಶಿರಸಿಯ ಮಾಸ್ತರ:

ಈ ತಕರಾರು ಸರಿಯಾಗಿದೆ, ಇದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಕಚೇರಿಯನ್ನು ತೋರಿಸಲಿ, ಆದರೆ ಕಚೇರಿಯಾಗಿಯೇ ತೋರಿಸಲಿ ಎಂಬಷ್ಟನ್ನು ಹೇಳಬಲ್ಲೆ. ಸೆಕ್ಷನ್ 31ರಲ್ಲಿ ನಾವು ಕಂಡದ್ದು ಕಪ್ಪು ಬಟ್ಟೆ ತೊಟ್ಟು ರಾತ್ರಿ ಬಂದು ಹೋಗುವ ಒಬ್ಬ ಮನುಷ್ಯನನ್ನು. ಕಡತ, ಸಹಿ, ಸಂಬಳ, ವರ್ಗಾವಣೆ ಯಾವುದೂ ಕಾಣಲಿಲ್ಲ. ಅವುಗಳನ್ನು ಬರೆದಿದ್ದರೆ ನನ್ನ ವಿರೋಧ ಬಹಳಷ್ಟು ಕಡಿಮೆಯಾಗುತ್ತಿತ್ತು.

ಬೈತಖೋಲದ ನಾವಿಕ:

ಸಹಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಡಗಿನಲ್ಲಿ ಲಾಗ್ ಪುಸ್ತಕ ಎಂಬುದಿದೆ. ದಿಕ್ಕು ಬದಲಾಯಿಸಿದ್ದು, ಎಂಜಿನ್ ನಿಲ್ಲಿಸಿದ್ದು, ಯಾರಿಗೋ ಗಾಯವಾದದ್ದು ಎಲ್ಲವನ್ನೂ ಹೊತ್ತು ಹಾಕಿ ಬರೆಯಬೇಕು. ತಪ್ಪು ಬರೆದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ನಾನು ಮೊದಲ ಸಲ ಹಡಗು ಹತ್ತಿದಾಗ ನನಗೆ ಕಲಿಸಿದ ಮೊದಲ ಪಾಠ ಇದೇ. ಆ ಕಪ್ತಾನ ದಾಖಲೆಯನ್ನು ಅಳಿಸಿದ ಎಂದು ಮಾಸ್ತರರು ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಕೊಲೆಗಿಂತ ಹೆಚ್ಚಾಗಿ ಅದೇ ನನ್ನನ್ನು ಕಾಡುತ್ತಿದೆ. ಕಥೆಗಾರ್ತಿಯವರೇ, ಇಂಧನದ ನೌಕೆ ಎಂದು ಬರೆಯಿಸಿಕೊಂಡ ಆ ನೌಕೆಯಲ್ಲಿ ಎರಡು ಲಾಗ್ ಪುಸ್ತಕಗಳಿರುತ್ತವೆ. ಒಂದು ಜಗತ್ತಿಗೆ ತೋರಿಸುವುದಕ್ಕೆ. ಇನ್ನೊಂದನ್ನು ಬರೆಯುವವನು ಯಾರು, ಅವನ ವಯಸ್ಸೆಷ್ಟು, ಅವನು ಊರಿನಲ್ಲಿ ಯಾರನ್ನು ಬಿಟ್ಟು ಬಂದಿದ್ದಾನೆ?

ಕುಮಟೆಯ ಕಥೆಗಾರ್ತಿ:

ಮೂರು ದಿನ ಸುಮ್ಮನಿದ್ದು ಬರೆದೆ, ಅದಕ್ಕೇ ತಡವಾಯಿತು. ಕತ್ತಲಲ್ಲಿ ಅಡಗಿ ಬರುವ ನೌಕೆಯನ್ನು ತೆಗೆದುಹಾಕಿದ್ದೇನೆ. ಈಗ ಹೊರಡುವ ದಿನ ಓದಿ ಹೇಳುವ ಹೆಸರುಗಳು ಹದಿಮೂರು. ಹದಿಮೂರನೆಯದು ಇಂಧನದ ನೌಕೆ, ಉಳಿದವರು ಅದನ್ನು ಪ್ರೀತಿಯಿಂದ ‘ಹಾಲಮ್ಮ’ ಎಂದು ಕರೆಯುತ್ತಾರೆ, ತಿಂಗಳಿಗೊಮ್ಮೆ ಅದರ ಪಕ್ಕಕ್ಕೆ ಬಂದು ಇಂಧನ ತುಂಬಿಕೊಳ್ಳುತ್ತಾರೆ, ಅದರ ಅಡಿಗೆಮನೆಯಿಂದ ಹಬ್ಬಕ್ಕೆ ಸಿಹಿ ತರಿಸಿಕೊಳ್ಳುತ್ತಾರೆ. ಎರಡನೆಯ ಲಾಗ್ ಬರೆಯುವವಳು ಇಪ್ಪತ್ತಾರರ ಹೆಣ್ಣುಮಗಳು. ಅವಳಿಗೆ ತನ್ನ ನೌಕೆಯ ಕೆಲಸ ಗೊತ್ತಿದೆ. ಒಂಬತ್ತನೆಯ ನೌಕೆಯಲ್ಲಿ ರೋಗ ಹಬ್ಬಿ, ಅದರ ಕಪ್ತಾನ ಭೂಮಿಗೆ ಮರಳಲು ತೀರ್ಮಾನಿಸಿದಾಗ, ಭೂಮಿಯನ್ನು ಕೇಳಿ ಉತ್ತರ ಪಡೆಯಲು ಎರಡೂವರೆ ಗಂಟೆ ಬೇಕು, ತಮ್ಮ ಕೈಯಲ್ಲಿರುವುದು ನಲವತ್ತು ನಿಮಿಷ. ಕಥೆಯೆಲ್ಲ ಆ ನಲವತ್ತು ನಿಮಿಷಗಳಲ್ಲಿ ನಡೆಯುತ್ತದೆ. ಅರ್ಥಧಾರಿಗಳ ತೆರೆಯನ್ನು ಬಿಟ್ಟಿಲ್ಲ. ಕೊನೆಯವರೆಗೂ ಆಯುಧವನ್ನು ತೋರಿಸಿಲ್ಲ.

ಕದ್ರಾದ ನಿವೃತ್ತ ಇಂಜಿನಿಯರ್:

ಬಹಳ ಒಳ್ಳೆಯದಾಯಿತು, ಒಂದು ತಾಂತ್ರಿಕ ಮಾತು ಮಾತ್ರ. ಆಯುಧಕ್ಕೆ ಶಕ್ತಿ ಕೂಡಿಸಬೇಕಾದರೆ ಹಾಲಮ್ಮನ ಶಾಖದ ಫಲಕಗಳು ಮೊದಲೇ ಬಿಸಿಯಾಗಲು ಆರಂಭಿಸುತ್ತವೆ. ಹತ್ತಿರದ ನೌಕೆಗಳ ಅವಕೆಂಪು ಕ್ಯಾಮೆರಾಗಳಲ್ಲಿ ಅದು ಕಾಣಿಸದೆ ಇರುವುದಿಲ್ಲ. ಏನೋ ನಡೆಯುತ್ತಿದೆ ಎಂಬುದು ಒಂಬತ್ತನೆಯ ನೌಕೆಯವರಿಗೆ ಮೊದಲೇ ತಿಳಿದುಹೋಗುತ್ತದೆ.

ಕುಮಟೆಯ ಕಥೆಗಾರ್ತಿ:

ತಿಳಿಯಲಿ. ಹಾಲಮ್ಮ ಬಿಸಿಯಾಗುತ್ತಿದೆ, ಏನಾದರೂ ಅವಘಡವೇ, ನೆರವು ಬೇಕೇ ಎಂದು ಒಂಬತ್ತನೆಯ ನೌಕೆಯಿಂದ ಸಂದೇಶ ಬರುವಂತೆ ಬರೆಯುತ್ತೇನೆ. ಆ ಸಂದೇಶವನ್ನು ಯಾವ ಲಾಗ್ ಪುಸ್ತಕದಲ್ಲಿ ದಾಖಲಿಸಬೇಕು ಎಂದು ಅವಳು ಕಪ್ತಾನನನ್ನು ಕೇಳುತ್ತಾಳೆ.